ಬಕೆಟ್ಟಿನಲ್ಲಿ ಕಲಿತ ಪಾಠ

ಹದಿನೆಂಟು ವರ್ಷ ಮಲೆನಾಡಿನಲ್ಲಿ ವಿಜ್ಞಾನ ಪಾಠ ಹೇಳಿ ಬಯಲುಸೀಮೆಗೆ ವರ್ಗವಾಗಿ ಬಂದಾಗ ನನ್ನ ಮೇಲೆ ಮೊದಲು ಮುನಿಸಿಕೊಂಡದ್ದು ಸೋಪು. ಎಷ್ಟು ಉಜ್ಜಿದರೂ ನೊರೆಯಿಲ್ಲ. ಕೊಳವೆಬಾವಿಯ ನೀರು, ಊರವರ ಮಾತಿನಲ್ಲಿ ಸವಳು ನೀರು, ಪಠ್ಯಪುಸ್ತಕದಲ್ಲಿ ಗಡಸು ನೀರು. ವರ್ಷ ತುಂಬುವುದರೊಳಗೆ ಹಂಡೆಯ ಒಳಮೈಗೆ ಸುಣ್ಣ ಬಳಿದಂತೆ ಬಿಳಿ ಪದರ ಕಟ್ಟಿತು. ಒಂಬತ್ತನೇ ತರಗತಿಯಲ್ಲಿದ್ದ ಮಗಳ ಕೂದಲು ತೆಂಗಿನ ನಾರಿನಂತಾಗಿ, ಬಾಚಣಿಗೆಯ ತುಂಬ ಬರತೊಡಗಿತು. ಅವಳು ಹೇಳಿಕೊಂಡಾಗಲೆಲ್ಲ ನನ್ನದು ಒಂದೇ ಉತ್ತರ: “ಕನ್ನಡಿ ಬಿಟ್ಟು ಪುಸ್ತಕ ಹಿಡಿ.”

ಹಬ್ಬಕ್ಕೆ ಅಜ್ಜಿ ಕೊಟ್ಟ ದುಡ್ಡಿನಲ್ಲಿ ಅವಳು ಗುಟ್ಟಾಗಿ ‘ಖನಿಜ ಸ್ನಾನ’ದ ಪೊಟ್ಟಣವೊಂದನ್ನು ತಂದಳು. ಚರ್ಮಕ್ಕೆ ಹೊಳಪು, ಕೂದಲಿಗೆ ಬಲ ಎಂದು ಅದರ ಮೇಲೆ ಬರೆದಿತ್ತು. ದಿನವೂ ಬಕೆಟ್ಟಿಗೆ ಎರಡು ಹಿಡಿ. ಹತ್ತು ದಿನಕ್ಕೆ ತೋಳೆಲ್ಲ ಒಣಗಿ, ತುರಿಸಿ ಕೆಂಪಾದಾಗ ಅಳುತ್ತ ಪೊಟ್ಟಣವನ್ನು ನನ್ನ ಮುಂದಿಟ್ಟಳು.

ಹಿಂಬದಿ ಓದಿದೆ: ಮೆಗ್ನೀಸಿಯಂ ಸಲ್ಫೇಟ್. ನಮ್ಮ ಪ್ರಯೋಗಶಾಲೆಯ ಕಪಾಟಿನಲ್ಲಿರುವ ಎಪ್ಸಮ್ ಲವಣ! ಇಂಗ್ಲೆಂಡಿನ ಎಪ್ಸಮ್ ಊರಿನ ಕಹಿ ನೀರಿನಲ್ಲಿರುವ ಈ ಲವಣದ ಬಗ್ಗೆ ನೆಹೆಮಿಯಾ ಗ್ರೂ ಎಂಬ ವಿಜ್ಞಾನಿ 1695ರಲ್ಲೇ ಪುಸ್ತಕ ಬರೆದಿದ್ದ. ಆದರೆ ನೀರನ್ನು ಗಡಸು ಮಾಡುವುದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳೇ. ಅವು ಸೋಪಿನೊಡನೆ ಸೇರಿ ಕರಗದ ಗಸಿಯಾಗುತ್ತವೆ. ಆ ಗಸಿ ಮೈಗೂ ಕೂದಲಿಗೂ ಅಂಟುತ್ತದೆ. ಬೈಕಾರ್ಬನೇಟಿನಿಂದ ಬಂದ ಗಡಸುತನ ಕುದಿಸಿದರೆ ಇಳಿಯುತ್ತದೆ, ಸಲ್ಫೇಟಿನದು ಇಳಿಯುವುದಿಲ್ಲ. ಮಗಳು ದುಡ್ಡು ಕೊಟ್ಟು ಗಡಸು ನೀರನ್ನು ಇನ್ನಷ್ಟು ಗಡಸು ಮಾಡಿಕೊಂಡಿದ್ದಳು.

ಅಡುಗೆಮನೆಯಲ್ಲಿ ಮೂರು ಬಾಟಲಿ ಇಟ್ಟೆ: ಹಿಡಿದಿಟ್ಟ ಮಳೆನೀರು, ಕೊಳವೆಬಾವಿ ನೀರು, ಅದೇ ನೀರಿಗೆ ಪುಡಿ ಬೆರೆಸಿದ್ದು. ಮೂರಕ್ಕೂ ಒಂದೇ ಅಳತೆಯ ಸೋಪಿನ ಚೂರು ಹಾಕಿ ಮಗಳು ಕುಲುಕಿದಳು. ಮೊದಲನೆಯದರಲ್ಲಿ ಕತ್ತಿನವರೆಗೆ ನೊರೆ, ಎರಡನೆಯದರಲ್ಲಿ ತೆಳ್ಳಗೆ, ಮೂರನೆಯದರಲ್ಲಿ ಬರೀ ಬಿಳಿ ಗಸಿ.

“ಅಪ್ಪ, ಇದನ್ನ ಪ್ರತಿ ವರ್ಷ ಕ್ಲಾಸಲ್ಲಿ ತೋರಿಸ್ತೀರಲ್ಲ, ನಾನು ಹೇಳಿದಾಗ ಯಾಕೆ ನೆನಪಾಗ್ಲಿಲ್ಲ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಮರುದಿನ ಚರ್ಮದ ವೈದ್ಯರಲ್ಲಿಗೆ ಕರೆದೊಯ್ದೆ. ಪುಡಿ ನಿಲ್ಲಿಸಿ ಎಂದವರೇ ರಕ್ತಪರೀಕ್ಷೆಗೂ ಬರೆದರು. ಕಬ್ಬಿಣದ ಅಂಶ ತೀರಾ ಕಡಿಮೆಯಿತ್ತು. ಕೂದಲು ಒರಟಾಗಲು ನೀರು ಕಾರಣವಿದ್ದೀತು, ಉದುರುವುದಕ್ಕೆ ಇದು ಕಾರಣ ಎಂದು ಮಾತ್ರೆ ಕೊಟ್ಟರು. ಅವಳಿಗೆ ಬೇಕಿದ್ದ ಖನಿಜ ಬಕೆಟ್ಟಿಗೆ ಸುರಿಯುವಂಥದ್ದಾಗಿರಲಿಲ್ಲ. ನಾನು ವರ್ಷವಿಡೀ ಶೋಕಿ ಎಂದುಕೊಂಡದ್ದು ರಕ್ತಹೀನತೆ.

ಈಗ ಚಾವಣಿಯ ಮಳೆನೀರು ಡ್ರಮ್ಮಿಗೆ ಬೀಳುತ್ತದೆ. ಅದು ತಲೆಸ್ನಾನಕ್ಕೆ ಮೀಸಲು. ಮಳೆಯಿಲ್ಲದ ತಿಂಗಳುಗಳಲ್ಲಿ ಸೀಗೆಪುಡಿ. ಸೋಪಿನಂತೆ ಅದು ಗಡಸು ನೀರಿನಲ್ಲಿ ಗಸಿ ಕಟ್ಟುವುದಿಲ್ಲ. ಊಟದಲ್ಲಿ ಸೊಪ್ಪು, ಹುರುಳಿ, ಜೊತೆಗೆ ಒಂದು ಹೋಳು ನಿಂಬೆ.

ವಿದ್ಯಾರ್ಥಿಗಳೇ, ಪೊಟ್ಟಣ ಕೊಳ್ಳುವ ಮುನ್ನ ಅದರ ಹಿಂಬದಿ ಓದಿ. ತಂದೆತಾಯಂದಿರಿಗೆ ಹೇಳುವ ಅರ್ಹತೆ ನನಗೆಷ್ಟಿದೆಯೋ ತಿಳಿಯದು. ನಾನಂತೂ ಈಗ ಗಡಸು ನೀರಿನ ಪಾಠವನ್ನು ಒಂದು ಪ್ರಶ್ನೆಯಿಂದ ಆರಂಭಿಸುತ್ತೇನೆ: “ನಿಮ್ಮ ಮನೇಲಿ ಸೋಪು ನೊರೆ ಬರುತ್ತಾ?” ಹುಡುಗಿಯರ ಸಾಲಿನಿಂದ ಮೊದಲು ಕೈಗಳೇಳುತ್ತವೆ. ಪಾಠ ಬದಿಗಿಟ್ಟು, ಅವರು ಹೇಳುವುದನ್ನು ಕೇಳಿಸಿಕೊಳ್ಳುತ್ತೇನೆ.