ಹಳೆಯ ಬಾಗಿಲಿಗೊಂದು ಬೀಗ

ಶಾಲೆಯ ದಾಖಲಾತಿ ಪುಸ್ತಕದಲ್ಲಿ ಹೆಸರು, ಹುಟ್ಟಿದ ತಾರೀಕು ಬರೆಯದೆ ಮಗುವಿಗೆ ನಂಬರು ಕೊಡುವುದಿಲ್ಲ. ಕೊಟ್ಟರೆ ಆ ದಿನ ಏನೂ ಆಗದು. ವರ್ಷಗಳು ಕಳೆದು ಟಿ.ಸಿ. ಬರೆಯುವಾಗ ಪೇಚಾಟ ಶುರು.

ಕಂಪ್ಯೂಟರ್ ಭಾಷೆಗಳಲ್ಲೂ ಇಂಥದೇ ಪೇಚಾಟ ಇದೆಯೆಂದು ಹೇಳಿದವನು ನನ್ನ ಹಳೆಯ ವಿದ್ಯಾರ್ಥಿ. ಕಾಸರಗೋಡಿನಲ್ಲಿ ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲೇ ಓದಿ, ಈಗ ಐಫೋನಿಗೆ ಆ್ಯಪ್ ಬರೆಯುತ್ತಾನೆ. "ಮಾಷ್ಟ್ರೇ, ಇದನ್ನೆಲ್ಲ ಕನ್ನಡದಲ್ಲಿ ಹೇಳ್ಲಿಕ್ಕೆ ಆಗ್ತದಾ?" ಎಂದು ಕೇಳಿದ. ನಮ್ಮ ಎಷ್ಟೋ ತಂದೆತಾಯಂದಿರು ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಕಳಿಸುವುದು ಇದೇ ಪ್ರಶ್ನೆಗೆ ಹೆದರಿ. ಆದ್ದರಿಂದ ಒಂದು ಪ್ರಯತ್ನ.

ಆ್ಯಪಲ್ ಕಂಪನಿಯ ಆ್ಯಪ್‌ಗಳಲ್ಲಿ ಎರಡು ಭಾಷೆಗಳು ಕೂಡಿ ಬಾಳುತ್ತವೆ: 1980ರ ದಶಕದ ಆಬ್ಜೆಕ್ಟಿವ್-ಸಿ ಮತ್ತು 2014ರಲ್ಲಿ ಬಂದ ಸ್ವಿಫ್ಟ್. ಎರಡರಲ್ಲೂ 'ಕ್ಲಾಸ್' ಎಂಬ ಅಚ್ಚು ಇರುತ್ತದೆ. ಅಚ್ಚಿನಿಂದ ಹೊಸ ವಸ್ತು ಹುಟ್ಟುವಾಗ ಅದರೊಳಗೆ ಮೊದಲ ವಿವರ ತುಂಬುವ ಕ್ರಮಕ್ಕೆ 'ಇನಿಶಿಯಲೈಸರ್' ಎನ್ನುತ್ತಾರೆ. ನಮ್ಮ ದಾಖಲಾತಿಯಂತೆಯೇ ಅನ್ನಿ.

ಆಬ್ಜೆಕ್ಟಿವ್-ಸಿಯಲ್ಲಿ 'ವಿದ್ಯಾರ್ಥಿ' ಎಂಬ ಕ್ಲಾಸ್ ಬರೆದು, ಹೆಸರು ಕೊಟ್ಟೇ ಒಳಗೆ ಬರಬೇಕೆಂದು ಹೊಸ ಇನಿಶಿಯಲೈಸರ್ ಇಟ್ಟಿರೆಂದುಕೊಳ್ಳಿ. ಮೂಲಪುರುಷನಾದ ಎನ್‌ಎಸ್‌ಆಬ್ಜೆಕ್ಟ್‌ನಿಂದ ಬಳುವಳಿಯಾಗಿ ಬಂದ, ಏನನ್ನೂ ಕೇಳದ 'ಇನಿಟ್' ಎಂಬ ಹಳೆಯ ಬಾಗಿಲು ಆಗಲೂ ತೆರೆದೇ ಇರುತ್ತದೆ. ಅಲ್ಲಿಂದ ನುಗ್ಗಿದರೆ ಹೆಸರಿನ ಜಾಗ ಖಾಲಿ, ನಂಬರು ಸೊನ್ನೆ. ತಪ್ಪೆಂದು ಯಾರೂ ತಡೆಯುವುದಿಲ್ಲ.

ಸ್ವಿಫ್ಟ್ ಬಿಗಿ ಮೇಷ್ಟ್ರು. ಕ್ಲಾಸಿಗೆ ತನ್ನದೇ ಮುಖ್ಯ ಇನಿಶಿಯಲೈಸರ್ ಬರೆದರೆ ತಾಯಿ ಕ್ಲಾಸಿನದು ತಾನಾಗಿ ಬಳುವಳಿ ಬರುವುದಿಲ್ಲ. ಆ ಕ್ಲಾಸನ್ನು ಆಬ್ಜೆಕ್ಟಿವ್-ಸಿಗೆ ತೋರಿಸುವಾಗಲೂ ಹಳೆಯ ಇನಿಟ್ ಎದುರು 'ಬಳಸುವಂತಿಲ್ಲ' ಎಂದು ತಾನೇ ಬರೆದುಕೊಡುತ್ತದೆ. ಆದರೆ ಆಬ್ಜೆಕ್ಟಿವ್-ಸಿಯಲ್ಲಿ ಹುಟ್ಟಿದ ಕ್ಲಾಸ್ ಗಡಿ ದಾಟಿ ಸ್ವಿಫ್ಟಿಗೆ ಬಂದಾಗ ಆ ತೆರೆದ ಬಾಗಿಲೂ ಜೊತೆಗೇ ಬರುತ್ತದೆ!

ಇದಕ್ಕೆ ಮದ್ದು ಒಂದೇ ಸಾಲು. ಹೆಡರ್ ಫೈಲಿನಲ್ಲಿ ಇನಿಟ್ ಹೆಸರು ಬರೆದು ಪಕ್ಕದಲ್ಲಿ 'ಎನ್‌ಎಸ್‌_ಅನ್‌ಅವೈಲೆಬಲ್' ಎಂದು ಹಾಕಬೇಕು. ಆ ಫೈಲನ್ನು ಎರಡೂ ಭಾಷೆಗಳು ಓದುವುದರಿಂದ ಎರಡೂ ಕಡೆ ಕಂಪೈಲರ್ ತಡೆಯುತ್ತದೆ. ಆದರೆ ಈ ಬೀಗ ಕಂಪೈಲರ್ ಕಣ್ಣಿಗೆ ಮಾತ್ರ. ಪ್ರೋಗ್ರಾಮ್ ಓಡುತ್ತಿರುವಾಗ ಬಳಸು ದಾರಿಯಿಂದ ಹೆಸರು ಹಿಡಿದು ಕರೆದರೆ ಆಬ್ಜೆಕ್ಟಿವ್-ಸಿಯ ಹಳೆಯ ಇನಿಟ್ ಓಗೊಡುತ್ತದೆ.

ಗಡಿನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ ಎಂದು ಬದುಕುವವರು ನಾವು. ಒಂದು ಭಾಷೆಯಲ್ಲಷ್ಟೇ ಇರುವ ನಿಯಮ ಇನ್ನೊಂದು ಭಾಷೆಯವನ ಪಾಲಿಗೆ ಇಲ್ಲದ ಹಾಗೆಯೇ. ಇಬ್ಬರೂ ಓದುವ ಕಾಗದದಲ್ಲಿ ಅದು ಇರಬೇಕು. ಇದು ನಮ್ಮ ಹತ್ತನೆಯ ಮಕ್ಕಳಿಗೆ ಅರ್ಥವಾಗದ ವಿಷಯವಲ್ಲ. ಹೇಳುವವರು ಬೇಕು, ಅಷ್ಟೇ.