ಗಾಳದ ಜೊತೆ ಹೊಳೆಯನ್ನೂ ಬಿಟ್ಟೆ

ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿ. ಕಾವೇರಿಯ ಈ ದಂಡೆಗಳಲ್ಲಿ ಗಾಳ ಹಾಕುತ್ತಿದ್ದ ನಮಗೆಲ್ಲ ಇದ್ದದ್ದು ಒಂದೇ ಕಟ್ಟಳೆ: ಸಿಕ್ಕ ಮಹಶೀರನ್ನು ತೂಗು, ಫೋಟೊ ತೆಗೆ, ಜೀವಂತವಾಗಿ ನೀರಿಗೆ ಬಿಡು. 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗನ್ ಕಬಿನಿಯಲ್ಲಿ 120 ಪೌಂಡ್ ತೂಕದ ಮಹಶೀರ್ ಎಳೆದ ಕಥೆಯನ್ನು ಬಾಯಿಪಾಠ ಮಾಡಿಕೊಂಡಿದ್ದ ಹವ್ಯಾಸಿಗಳು ನಾವು. ಮಾರತ್ತಹಳ್ಳಿಯಿಂದ ನಸುಕಿನಲ್ಲೇ ಹೊರಟು, ರಿಂಗ್ ರೋಡಿನ ಟ್ರಾಫಿಕ್ ಶುರುವಾಗುವ ಮೊದಲೇ ಊರು ದಾಟಿ, ಹಲಗೂರಿನಲ್ಲಿ ಇಡ್ಲಿ ತಿಂದು ಹೊಳೆಗೆ ಇಳಿಯುತ್ತಿದ್ದೆವು.

ಆಮೇಲೆ ನಿಯಮ ಬದಲಾಯಿತು. ವನ್ಯಧಾಮದೊಳಗೆ ಗಾಳ ಹಾಕುವುದೂ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಬೇಟೆಯೇ ಎಂದಾಗಿ, 2012ರ ಹೊತ್ತಿಗೆ ಕಾವೇರಿ ವನ್ಯಧಾಮದಲ್ಲಿ ಅದು ಪೂರ್ತಿ ನಿಂತಿತು. ಅದನ್ನು ಗಟ್ಟಿ ದನಿಯಲ್ಲಿ ವಿರೋಧಿಸಿದವರಲ್ಲಿ ನಾನೂ ಒಬ್ಬ. ಗಾಳದವರು ದಂಡೆಯಲ್ಲಿದ್ದರೆ ತೋಟೆ ಸಿಡಿಸಿ ಮೀನು ಕೊಲ್ಲುವವರು ಹತ್ತಿರ ಸುಳಿಯುವುದಿಲ್ಲ, ಹಿಂದೆ ತೋಟೆ ಹಾಕುತ್ತಿದ್ದವರೇ ಈಗ ಸಂಬಳಕ್ಕೆ ಮೀನು ಕಾಯುತ್ತಿದ್ದಾರೆ ಎಂದು ವಾದಿಸಿದೆ. ಆ ವಾದ ಇವತ್ತಿಗೂ ಸರಿ ಎಂದೇ ನನ್ನ ನಂಬಿಕೆ. ತಪ್ಪಿದ್ದು ನನ್ನ ನಡತೆಯಲ್ಲಿ. ನಿಷೇಧ ಬಂದ ಮೇಲೆ ರಾಡು ರೀಲುಗಳನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ಹೊಳೆಯ ಕಡೆ ತಲೆ ಹಾಕಲಿಲ್ಲ. ಕಾವಲುಗಾರರು ಎಂದು ಹೇಳಿಕೊಂಡವರು ಬೆನ್ನು ತಿರುಗಿಸಿದ್ದೆವು.

ನಮ್ಮ ಹರಿಗೋಲು ಹಾಕುತ್ತಿದ್ದ ಅಣ್ಣನೊಬ್ಬ ಎಷ್ಟೋ ವರ್ಷದ ಮೇಲೆ ಹಲಗೂರಿನ ಬಸ್ ಸ್ಟಾಂಡಿನಲ್ಲಿ ಸಿಕ್ಕ. ರಾಗಿಹಿಟ್ಟನ್ನು ಬೇಯಿಸಿ, ನಾದಿ, ನಿಂಬೆಗಾತ್ರದ ಉಂಡೆಯನ್ನು ಕೊಕ್ಕೆಗೆ ಮೆತ್ತುವುದನ್ನು ಕಲಿಸಿದವನು ಅವನೇ. ದಾರದ ಮೇಲೆ ಬೆರಳಿಟ್ಟು, ಕಚ್ಚಿದ್ದು ಆಮೆಯೋ ಮಹಶೀರೋ ಎಂದು ಹೇಳಬಲ್ಲವನು. ಕೆಲಸ ಹೋದ ಮೇಲೆ ಕೂಲಿ ಮಾಡುತ್ತಿದ್ದ. ಗಾಳ ನಿಲ್ಲಿಸಿಬಿಟ್ಟರಲ್ಲ ಅಣ್ಣ, ಅದಕ್ಕೇ ಬರಲಾಗಲಿಲ್ಲ ಎಂದೆ. "ಗಾಳ ನಿಂತದೆ ಸಾ, ಹೊಳೆ ನಿಂತಿಲ್ವಲ್ಲ. ನೀವೇ ಬರ್ನಿಲ್ಲ" ಎಂದ. ಉತ್ತರ ಹೊಳೆಯಲಿಲ್ಲ.

ಇನ್ನೊಂದು ವಿಷಯ ಇದಕ್ಕಿಂತ ಹೆಚ್ಚು ಕೊರೆಯುತ್ತದೆ. ಗಾಳಿಬೋರೆಯ ಶಿಬಿರದಲ್ಲಿ 1998ರಿಂದ 2012ರವರೆಗೆ ಸಿಕ್ಕ ಮೀನುಗಳ ದಾಖಲೆಯನ್ನು ಸಂಶೋಧಕರು ಕೂತು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. ಮೀನುಗಳ ಸಂಖ್ಯೆ ಏರಿತ್ತು. ಆದರೆ ಏರಿದ್ದು ನೀಲಿ ರೆಕ್ಕೆಯ ಮಹಶೀರ್. ಲೋನಾವಳದ ಟಾಟಾ ಮೀನುಮರಿ ಕೇಂದ್ರದಿಂದ ತಂದು ಬಿಟ್ಟಿದ್ದ ಹೊರಗಿನ ತಳಿ. ಕಾವೇರಿಯದೇ ಆದ, ಕಿತ್ತಳೆ ರೆಕ್ಕೆಯ, ಗೂನುಬೆನ್ನಿನ ದೈತ್ಯ ಅದೇ ಅವಧಿಯಲ್ಲಿ ನಮ್ಮ ಕಣ್ಣೆದುರೇ ಕರಗುತ್ತಿತ್ತು. ಅದಕ್ಕೆ ಒಂದು ಖಚಿತವಾದ ವೈಜ್ಞಾನಿಕ ಹೆಸರು ಕೂಡಿಬಂದದ್ದು 2018ರಲ್ಲಿ, ಟೋರ್ ರೆಮಾದೇವಿ ಎಂದು. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಐಯುಸಿಎನ್ ಅದನ್ನು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು.

ಆ ಸುದ್ದಿ ಓದಿ ನನ್ನ ಹಳೆಯ ಡೈರಿ ತೆಗೆದೆ. ತೂಕವಿದೆ, ಜೊತೆಗಿದ್ದವರ ಹೆಸರಿದೆ, ಮಳೆ ಬಂದದ್ದಿದೆ. ರೆಕ್ಕೆಯ ಬಣ್ಣ ಒಂದು ಕಡೆಯೂ ಇಲ್ಲ. ಮೀನು ಹೆಚ್ಚಾಗುತ್ತಿದೆ ಎಂದು ಸಭೆಗಳಲ್ಲಿ ಹೇಳುತ್ತಿದ್ದೆನಲ್ಲ, ಯಾವ ಮೀನು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಹಿಡಿದದ್ದನ್ನು ಬಿಟ್ಟೆ, ನನ್ನ ಪಾಲಿನ ಧರ್ಮ ಮುಗಿಯಿತು ಎಂದುಕೊಂಡಿದ್ದೆ.

ಗಾಳದವರ ಲೆಕ್ಕಕ್ಕೆ ಬೆಲೆ ಇರುವ ಕಡೆಯೂ ಇದೆ. ಸ್ಕಾಟ್ಲೆಂಡಿನಲ್ಲಿ 2016ರಿಂದ ಸಾಲ್ಮನ್ ಇರುವ ನದಿಗಳಿಗೆ ವರ್ಷವರ್ಷವೂ ದರ್ಜೆ ಕೊಡುತ್ತಾರೆ. ಕೆಳದರ್ಜೆಯ ನದಿಯಲ್ಲಿ ಹಿಡಿದ ಸಾಲ್ಮನನ್ನು ಬಿಡಲೇಬೇಕು. ಆ ದರ್ಜೆ ನಿರ್ಧರಿಸಲು ಗಾಳದವರು ಒಪ್ಪಿಸುವ ಲೆಕ್ಕವೂ ಬೇಕು. ನಮ್ಮಲ್ಲಿ ಗಾಳ ನಿಂತಾಗ ಗಾಳದಿಂದ ಬರುತ್ತಿದ್ದ ಲೆಕ್ಕವೂ ನಿಂತಿತು. ನಿಷೇಧ ಬೇಕೇ ಬೇಡವೇ ಎಂದು ಜಗಳವಾಡಿದ ನಾವು ಯಾರೂ, ನಿಷೇಧದ ನಂತರ ಎಣಿಸುವವರು ಯಾರು ಎಂದು ಕೇಳಲಿಲ್ಲ. ಎಣಿಕೆಯ ಮಾತು ಹಾಗಿರಲಿ, ಬೆಂಗಳೂರಿನ ಕೊಳಚೆ ವೃಷಭಾವತಿಯಿಂದ ಅರ್ಕಾವತಿಗೆ ಸೇರಿ ಸಂಗಮದಲ್ಲಿ ಅದೇ ಕಾವೇರಿಗೆ ಬೀಳುತ್ತದೆ. ಅದಕ್ಕಾದರೂ ನಾವು ಅಲ್ಲಿ ನಿಂತು ಮಾತಾಡಬೇಕಿತ್ತು.

ಹಳೆಯ ಫೋಟೊಗಳನ್ನು ಈಗ ಒಂದೊಂದಾಗಿ ಜೋಡಿಸುತ್ತಿದ್ದೇನೆ. ಬಣ್ಣ ಮಾಸಿದ್ದರೂ ಕೆಲವುಗಳಲ್ಲಿ ರೆಕ್ಕೆಯ ಕಿತ್ತಳೆ ಗುರುತಾಗುತ್ತದೆ. ಕಾವೇರಿ, ಕಬಿನಿಗಳಲ್ಲಿ ಗಾಳ ಹಾಕಿದ್ದ ಅಜ್ಜನೋ ಅಪ್ಪನೋ ನಿಮ್ಮ ಮನೆಯಲ್ಲಿದ್ದರೆ ಅವರ ಆಲ್ಬಮ್ಮನ್ನು ರದ್ದಿಗೆ ಹಾಕಬೇಡಿ. ಫೋಟೊದ ಹಿಂದೆ ಜಾಗ, ವರ್ಷ ಬರೆಸಿಕೊಂಡು ಮೀನಿನ ಮೇಲೆ ಕೆಲಸ ಮಾಡುವವರ ಕೈಗೆ ಮುಟ್ಟಿಸಿ. ಆ ಹಿರಿಯರಿಗೆ ನೆನಪಿರುವಾಗಲೇ ಈ ಕೆಲಸ ಆಗಬೇಕು.