ಗೊಲ್ಲ ಬೆಟ್ಟಗಳ ಕಣಿವೆ

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಿಂದ ಉತ್ತರಕ್ಕೆ ಸುಮಾರು 145 ಕಿಲೋಮೀಟರ್ ಹೋದರೆ ಗ್ಲೆನ್ ಕೋ ಎಂಬ ಕಣಿವೆ ಸಿಗುತ್ತದೆ. ಮಗಳ ಮನೆಗೆ ಹೋಗಿದ್ದಾಗ ಒಂದು ಜೂನ್ ತಿಂಗಳಲ್ಲಿ ಎಲ್ಲರೂ ಕಾರಿನಲ್ಲಿ ಅಲ್ಲಿಗೆ ಹೊರಟೆವು. ಮೊಣಕಾಲು ನೋವಿನ ನಾನು ಬೆಟ್ಟ ಹತ್ತುವ ಮಾತೇ ಇರಲಿಲ್ಲ. ಮೊಮ್ಮಗಳ ಕೈಯಲ್ಲಿದ್ದ ನಕಾಶೆಯೇ ನನಗೆ ದಿನವಿಡೀ ಸಾಕಾಯಿತು.

ಕಣಿವೆಯ ಬಾಗಿಲಲ್ಲೇ ಗೋಪುರದಂತೆ ನಿಂತಿರುವುದು ‘ಬುವಖಿಲ್ ಎಟಿವ್ ಮೋರ್’. ಎತ್ತರ 1021 ಮೀಟರ್. ಗೇಲಿಕ್ ಭಾಷೆಯಲ್ಲಿ ‘ಎಟಿವ್ ಕಣಿವೆಯ ಹಿರಿಯ ದನಗಾಹಿ’ ಎಂದರ್ಥ. ಪಕ್ಕದಲ್ಲಿ ಕಿರಿಯ ದನಗಾಹಿಯೂ ಇದ್ದಾನೆ. ಅವನು ‘ಬೆಗ್’, ಅಂದರೆ ಚಿಕ್ಕವನು. ಬುವಖಿಲ್ ಎಂಬ ಪದದೊಳಗೆ ಹಸು ಎಂಬರ್ಥದ ‘ಬೋ’ ಇದೆ. ಆ ‘ಬೋ’ ಮತ್ತು ಸಂಸ್ಕೃತದ ‘ಗೋ’ ಒಂದೇ ಬೇರಿನವು! ಹಾಗಾಗಿ ಅವರನ್ನು ಹಿರಿಗೊಲ್ಲ, ಕಿರಿಗೊಲ್ಲ ಎಂದು ನಾನು ಕರೆದರೆ ನಂಟು ತೀರಾ ದೂರದ್ದೇನಲ್ಲ.

ಈ ಹೆಸರುಗಳನ್ನು ಬರೆದಂತೆ ಓದುವ ಹಾಗಿಲ್ಲ. ‘ಮೋರ್’ ಎಂದರೆ ದೊಡ್ಡದು. ಕೆಲವು ಪದಗಳ ಹಿಂದೆ ಬಂದಾಗ ಅದರ ‘ಎಂ’ ಅಕ್ಷರಕ್ಕೆ ‘ಹೆಚ್’ ಸೇರಿ ‘ವೋರ್’ ಆಗಿಬಿಡುತ್ತದೆ. ಉದ್ದ ಎಂಬರ್ಥದ ‘ಫಾಡ’ಕ್ಕೆ ಹೀಗಾದರೆ ‘ಫ’ ಮಾಯವಾಗಿ ‘ಅಡ’ ಮಾತ್ರ ಉಳಿಯುತ್ತದೆ. ಬ್ಯಾಂಕಿನಲ್ಲಾಗಿದ್ದರೆ ಹೆಸರಿನಲ್ಲಿ ಇಷ್ಟು ವ್ಯತ್ಯಾಸವಿರುವ ಚೆಕ್ಕನ್ನು ಹಿಂದಕ್ಕೆ ಕಳಿಸುತ್ತಿದ್ದೆವು. ಆದರೆ ಮಕ್ಕಳೇ, ‘ಕಡು’ ಮತ್ತು ‘ಬೆಳ್ಪು’ ಸೇರಿ ‘ಕಡುವೆಳ್ಪು’ ಆಗುವುದನ್ನು ನೀವು ಆದೇಶ ಸಂಧಿಯಲ್ಲಿ ಓದಿದ್ದೀರಲ್ಲ? ಮೊಮ್ಮಗಳಿಗೆ ಅದನ್ನೇ ಹೇಳಿದೆ. ಅವಳಿಗೆ ಕನ್ನಡದ ಸಂಧಿಯೂ ಗೇಲಿಕ್‌ನಷ್ಟೇ ಹೊಸದು!

ಅಂಚೆಕಾರ್ಡುಗಳಲ್ಲಿ ‘ಮೂವರು ಅಕ್ಕತಂಗಿಯರು’ ಎಂದು ಅಚ್ಚಾಗುವ ಮೂರು ಬೆಟ್ಟಗಳು ಇಲ್ಲಿವೆ. ಗೇಲಿಕ್ ಮಂದಿ ಇಟ್ಟ ಹೆಸರುಗಳು ಬೇರೆ: ಉದ್ದ ಬೆಟ್ಟ, ಗಿಡ್ಡ ಏಣು, ಕರಿ ಏಣು. ಕಾವ್ಯವಿಲ್ಲ ನಿಜ, ಆದರೆ ಮಂಜಿನಲ್ಲಿ ದನ ಹುಡುಕಿ ಹೊರಟವನಿಗೆ ಅಕ್ಕತಂಗಿಯರಿಗಿಂತ ಈ ಹೆಸರುಗಳೇ ದಾರಿ ತೋರಿಸುತ್ತವೆ. ಎದುರಿನ ಸಾಲು ‘ಏನಖ್ ಎಗಖ್’, ಅಂದರೆ ಕಚ್ಚು ಕಚ್ಚಾದ ಏಣು. ತಲೆಯೆತ್ತಿ ನೋಡಿದರೆ ಗರಗಸವೇ ಸರಿ.

ರಸ್ತೆ ಬದಿಯ ಒಂದು ಬಂಡೆಯ ಜಾಗಕ್ಕೆ ಇಂಗ್ಲಿಷಿನಲ್ಲಿ ‘ದಿ ಸ್ಟಡಿ’ ಎಂಬ ಹೆಸರು. ಗಾಳಿ ಮಳೆಯ ಈ ಜಾಗದಲ್ಲಿ ಓದುವ ಕೋಣೆ ಎಲ್ಲಿಂದ ಬಂತು? ಗೇಲಿಕ್‌ನಲ್ಲಿ ಅದು ‘ಮಂಜಿನ ಅಡಿಗಲ್ಲು’. ಕಮ್ಮಾರ ಕಾದ ಕಬ್ಬಿಣವನ್ನಿಟ್ಟು ಬಡಿಯುತ್ತಾನಲ್ಲ, ಆ ಅಡಿಗಲ್ಲು. ಸ್ಕಾಟ್ಸ್ ನುಡಿಯವರು ತಮ್ಮ ಮಾತಿನಲ್ಲಿ ಅದನ್ನು ‘ಸ್ಟಿಡಿ’ ಎಂದರು. ಇಂಗ್ಲಿಷ್ ಕಿವಿಗೆ ಅದು ‘ಸ್ಟಡಿ’ ಎಂದು ಕೇಳಿಸಿತು. ಅಡಿಗಲ್ಲು ಹೋಗಿ ಓದುಕೋಣೆ ಉಳಿಯಿತು.

ಇನ್ನೊಂದು ಹೆಸರು ನನ್ನನ್ನು ಹೆಚ್ಚು ಕಾಡಿತು. ಬೆಟ್ಟಗಳ ನಡುವೆ, ಉರುಳಿಬಿದ್ದ ಬಂಡೆಗಳ ಹಿಂದೆ ಅಡಗಿರುವ ಒಂದು ಸಣ್ಣ ಕಣಿವೆ ‘ಕೋರಿ ಗವಾಲ್’. ಹಿಡಿದು ತಂದದ್ದನ್ನು ಇಡುವ ಜಾಗ ಎಂದರ್ಥ. ಇಲ್ಲಿನ ಮೆಕ್‌ಡೊನಾಲ್ಡ್ ಕುಲದವರು ಕದ್ದು ತಂದ ದನಗಳನ್ನು ಅಲ್ಲಿ ಬಚ್ಚಿಡುತ್ತಿದ್ದರಂತೆ. 1692ರ ಫೆಬ್ರವರಿಯಲ್ಲಿ ಸರ್ಕಾರದ ಸೈನಿಕರು ಸುಮಾರು ಹನ್ನೆರಡು ದಿನ ಇದೇ ಜನರ ಮನೆಗಳಲ್ಲಿ ಉಂಡು ಮಲಗಿ, 13ರ ಬೆಳಗಿನ ಜಾವ ಎದ್ದು 38 ಮಂದಿಯನ್ನು ಕೊಂದರು. ಉಳಿದವರು ಹಿಮದಲ್ಲಿ ಬೆಟ್ಟಗಳತ್ತ ಓಡಿದರು. ಆ ರಾತ್ರಿ ಈ ಹೆಸರುಗಳು ಗೊತ್ತಿರುವುದೆಂದರೆ ದಾರಿ ಗೊತ್ತಿರುವುದೇ ಆಗಿತ್ತು. ಇಂದಿನ ಪ್ರವಾಸಿಗಳು ಕೋರಿ ಗವಾಲ್ ಅನ್ನು ‘ಕಳೆದುಹೋದ ಕಣಿವೆ’ ಎನ್ನುತ್ತಾರೆ. ದನ ಬಚ್ಚಿಟ್ಟವರ ಪಾಲಿಗೆ ಅದು ಎಂದೂ ಕಳೆದುಹೋಗಿರಲಿಲ್ಲ.

ಅಂಕಿಸಂಖ್ಯೆ ನೋಡುವುದು ನನ್ನ ಹಳೆಯ ಚಾಳಿ. 1891ರ ಜನಗಣತಿಯಲ್ಲಿ ಸ್ಕಾಟ್ಲೆಂಡಿನಲ್ಲಿ ಗೇಲಿಕ್ ಆಡುವವರು ಎರಡೂವರೆ ಲಕ್ಷದಷ್ಟಿದ್ದರು. 2011ರಲ್ಲಿ ಸುಮಾರು 57,000. 2022ರಲ್ಲಿ ಸುಮಾರು 70,000ಕ್ಕೆ ಏರಿದೆ. ಠೇವಣಿ ಬಹಳ ಕರಗಿದೆ, ಆದರೆ ಖಾತೆ ಮುಚ್ಚಿಲ್ಲ.

ಕಣಿವೆಯ ಕೊನೆಯ ಹಳ್ಳಿಯನ್ನು ಇಂಗ್ಲಿಷಿನಲ್ಲಿ ಗ್ಲೆನ್ ಕೋ ಎಂದೇ ಕರೆಯುತ್ತಾರೆ. ಗೇಲಿಕ್‌ನಲ್ಲಿ ಅದು ‘ಅ ಖಾರ್ನಿಖ್’, ಕಲ್ಲುಗುಪ್ಪೆಗಳ ಜಾಗ. ಗಂಟಲಿನಿಂದ ಬರಬೇಕಾದ ಆ ‘ಖ್’ ನನಗೆ ಕೊನೆಗೂ ಹಿಡಿಯಲಿಲ್ಲ. ಮೊಮ್ಮಗಳು ಮಾತ್ರ ಹಿಂದಿನ ಸೀಟಿನಲ್ಲಿ ಕುಳಿತು ಮನೆ ಮುಟ್ಟುವವರೆಗೂ ಅದನ್ನೇ ಹೇಳುತ್ತಿದ್ದಳು.